ತಿಕ್ಕುವ ಕೈಯಲ್ಲಿ ಮನಸ್ಸು ಎಲ್ಲಿರುತ್ತದೆ? ಉಳಿಚ್ಚಿಲ್ ಮಾಡುವವನೊಬ್ಬನ ಪ್ರಶ್ನೆ

ನೀರ್ಚಾಲು ಕಳರಿ:

ಎಲ್ಲರಿಗೂ ನಮಸ್ಕಾರ. ಕೇರಳದ ಸಮರಕಲೆಯಾದ ಕಳರಿಯ ಪದ್ಧತಿಯಲ್ಲಿ ಎಣ್ಣೆ ಹಚ್ಚಿ ಮೈ ತಿಕ್ಕುವ ಉಳಿಚ್ಚಿಲ್ ಅನ್ನು ಗುರುಕ್ಕಳರಿಂದ, ಎಂದರೆ ಕಳರಿಯ ಗುರುಗಳಿಂದ ಕಲಿತು, ಹದಿನಾಲ್ಕು ವರ್ಷಗಳಿಂದ ಅದನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದಿದ್ದೇನೆ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಅಡಕೆ ಮರ ಹತ್ತುವವರು, ರಬ್ಬರ್ ತೋಟದಲ್ಲಿ ದುಡಿಯುವವರು, ಬೀಡಿ ಕಟ್ಟಿ ಕಟ್ಟಿ ಕತ್ತು ಹಿಡಿದುಕೊಂಡವರು. ಹೆಂಗಸರನ್ನು ನನ್ನ ಹೆಂಡತಿ ನೋಡುತ್ತಾಳೆ, ಗಂಡಸರನ್ನು ನಾನು.

ಈ ಆಟಿ ತಿಂಗಳ ಮಳೆಗಾಲದಲ್ಲಿ ನಡೆದ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ಅರುವತ್ತು ದಾಟಿದ, ಪ್ರಾಯವಿಡೀ ಅಡಕೆ ಕೊಯ್ದ ಒಬ್ಬರು ಬಲ ಭುಜದ ನೋವಿಗೆಂದು ಬಂದಿದ್ದರು. ಮೂರನೆಯ ದಿನ ಅವರ ಹೆಗಲೆಲುಬಿನ ಒಳ ಅಂಚಿನಲ್ಲಿ ಹೆಬ್ಬೆರಳಿಟ್ಟು ನಿಧಾನವಾಗಿ ಒತ್ತುತ್ತಿದ್ದಾಗ ಅವರು ಒಮ್ಮೆಲೇ ಅಳತೊಡಗಿದರು. ನೋವಾಯಿತೇ ಎಂದು ಕೇಳಿದರೆ ಇಲ್ಲ ಎಂದರು. ಹತ್ತು ನಿಮಿಷ ಅತ್ತು, ಮುಖ ಒರೆಸಿಕೊಂಡು, “ನನಗೆ ಏನಾಯಿತು?” ಎಂದು ನನ್ನನ್ನೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮರ್ಮದಲ್ಲಿ, ಎಂದರೆ ದೇಹದ ಸೂಕ್ಷ್ಮ ಜಾಗದಲ್ಲಿ, ಕಟ್ಟಿಕೊಂಡಿದ್ದ ಪ್ರಾಣ ಹರಿಯಿತು ಎಂದು ನನ್ನ ಗುರುಗಳು ಹೇಳುತ್ತಿದ್ದರು. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ಸೋದರಳಿಯ ಅದು ನರಗಳ ಕೆಲಸ ಎನ್ನುತ್ತಾನೆ.

ಇನ್ನೊಂದು ವಿಷಯವೂ ಇದೆ. ಸಾಲದ ಕಂತಿನ ಚಿಂತೆ ತಲೆಯಲ್ಲಿ ಸುತ್ತುತ್ತಿದ್ದ ಒಂದು ದಿನ, ಅದೇ ಎಣ್ಣೆ, ಅದೇ ಕ್ರಮ, ಅಷ್ಟೇ ಹೊತ್ತು ತಿಕ್ಕಿ ಮುಗಿಸಿದ ಮೇಲೆ ಅದೇ ಮನುಷ್ಯ ಹೇಳಿದ ಮಾತು ಇದು: “ಇವತ್ತು ನಿಮ್ಮ ಕೈ ಇಲ್ಲಿರಲಿಲ್ಲ.” ಕವುಚಿ ಮಲಗಿದ್ದವರಿಗೆ ಅದು ಹೇಗೆ ತಿಳಿಯಿತು? ಮಾಡುವವನ ಚೇತನ ಕೈಯ ಮೂಲಕ ದಾಟುತ್ತದೆಯೇ? ಇದು ಅಧ್ಯಾತ್ಮವೇ, ಕೈಚಳಕವೇ? ನೋವಿನಿಂದ ಬಂದವರೊಡನೆ ಪ್ರಾಣ, ಆತ್ಮ ಎಂದೆಲ್ಲ ಮಾತನಾಡುವುದು ನನಗೆ ಸಲ್ಲುತ್ತದೆಯೇ? ತಿಳಿದವರು ಹೇಳಬೇಕು.

ಬೇಳದ ಅಕ್ಕ:

ದಾಟುತ್ತದೆ ತಮ್ಮಾ, ನನಗೆ ಅದರಲ್ಲಿ ಸಂಶಯವಿಲ್ಲ. ನನ್ನ ಎರಡು ಬಾಣಂತನಗಳಲ್ಲೂ ಮೀಯಿಸಲು ಬರುತ್ತಿದ್ದವರು ಒಬ್ಬರೇ. ಹಂಡೆಯ ನೀರಿನ ಹದ ನೋಡಿ, ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಮೊದಲು ನನ್ನ ನೆತ್ತಿಯ ಮೇಲೆ ಕೈಯಿಟ್ಟು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ರಾತ್ರಿ ನಿದ್ದೆಯಾಗಿಲ್ಲ ಎಂಬುದು ನಾನು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ಅವರ ಮಗ ಆಸ್ಪತ್ರೆ ಸೇರಿದ್ದ ದಿನ ಬಂದವರು ನನಗೆ ಮಾತ್ರ ನೀರು ಹೊಯ್ದು, “ಇಂದು ನನ್ನ ಕೈ ಸರಿಯಿಲ್ಲ, ಮಗುವಿಗೆ ತಾಗುತ್ತದೆ” ಎಂದು ಮಗುವನ್ನು ನನ್ನ ಅತ್ತೆಯ ಕೈಗೆ ಕೊಟ್ಟರು. ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ಆ ಮಾತು.

ಪೆರ್ಲದ ಮಾಷ್ಟ್ರು:

ನಂಬಿಕೆಯನ್ನು ನೋಯಿಸುವ ಉದ್ದೇಶ ನನಗಿಲ್ಲ, ಆದರೆ ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನಾಗಿ ಒಂದು ಪ್ರಯೋಗವನ್ನು ಹೇಳಲೇಬೇಕು. ಅಮೆರಿಕದಲ್ಲಿ 1970ರ ದಶಕದ ಮೊದಲಲ್ಲಿ ಡೊಲೊರೆಸ್ ಕ್ರೀಗರ್ ಮತ್ತು ಡೋರಾ ಕುಂಜ್ ಎಂಬವರು ‘ಥೆರಪ್ಯೂಟಿಕ್ ಟಚ್’ ಎಂಬ ಪದ್ಧತಿಯನ್ನು ಆರಂಭಿಸಿದರು. ರೋಗಿಯ ಸುತ್ತಲಿನ ಶಕ್ತಿಯನ್ನು ಕೈಯಿಂದ ಗುರುತಿಸಬಹುದು ಎಂಬುದು ಅದರ ಆಧಾರ. ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ಪ್ರಯೋಗವಾಗಿ ಇದನ್ನು ಪರೀಕ್ಷಿಸಿದಳು. ಚಿಕಿತ್ಸಕರು ಮರೆಯ ಕಿಂಡಿಯಲ್ಲಿ ಎರಡೂ ಕೈಗಳನ್ನು ಚಾಚಬೇಕು, ಅವಳು ತನ್ನ ಕೈಯನ್ನು ಅವುಗಳಲ್ಲಿ ಒಂದರ ಮೇಲೆ ತಾಗದಂತೆ ಹಿಡಿಯುತ್ತಾಳೆ, ಯಾವ ಕೈಯ ಮೇಲೆ ಎಂದು ಅವರು ಹೇಳಬೇಕು. ಇಪ್ಪತ್ತೊಂದು ಮಂದಿ ಒಟ್ಟು 280 ಸಲ ಪ್ರಯತ್ನಿಸಿ 44 ಶೇಕಡ ಮಾತ್ರ ಸರಿ ಹೇಳಿದರು. ಕಣ್ಣು ಮುಚ್ಚಿ ಊಹಿಸಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು 1998ರಲ್ಲಿ ಪ್ರಕಟವಾಯಿತು. ಪ್ರಾಣ ಹರಿಯಿತು ಎನ್ನುವ ಮೊದಲು ಇದಕ್ಕೊಂದು ಉತ್ತರ ಬೇಡವೇ?

ಕುಂಬಳೆ ಫಿಸಿಯೋ:

ಮಾಷ್ಟ್ರೇ, ನೀವು ಹೇಳಿದ ಪ್ರಯೋಗ ಸತ್ಯ, ಆದರೆ ಅದು ಇಲ್ಲಿನ ಪ್ರಶ್ನೆಗೆ ಉತ್ತರವಲ್ಲ. ಅಲ್ಲಿ ಕೈ ತಾಗಿಸುವಂತೆಯೇ ಇರಲಿಲ್ಲ. ನೀರ್ಚಾಲಿನವರು ಕೇಳುತ್ತಿರುವುದು ಚರ್ಮಕ್ಕೆ ತಾಗುವ, ಒತ್ತುವ ಕೈಯ ವಿಚಾರ.

ನಮ್ಮ ಕೂದಲಿರುವ ಚರ್ಮದಲ್ಲಿ ‘ಸಿ-ಟ್ಯಾಕ್ಟೈಲ್’ ಎಂಬ ನರತಂತುಗಳಿವೆ. ಅವು ಸಂದೇಶವನ್ನು ನಿಧಾನವಾಗಿ ಒಯ್ಯುತ್ತವೆ. ಎಲ್ಲಿ ತಾಗಿತು ಎಂದು ನಿಖರವಾಗಿ ತಿಳಿಸುವ ಕೆಲಸ ಅವುಗಳದ್ದಲ್ಲ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯ ಬಿಸಿಯಷ್ಟೇ ಬಿಸಿಯಾದ ಕೈ ಮೃದುವಾಗಿ ಸವರಿದಾಗ ಅವು ಅತಿ ಹೆಚ್ಚು ಸ್ಪಂದಿಸುತ್ತವೆ. ಅವು ಒಯ್ಯುವ ಸುದ್ದಿ ತಲುಪುವುದು ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ. ಹಸಿವು, ಎದೆಬಡಿತ, ಉಸಿರು ಮುಂತಾಗಿ ದೇಹದ ಒಳಗಿನ ಸ್ಥಿತಿಯ ಅರಿವಿಗೂ ಅದೇ ಭಾಗ ಬೇಕು. ಅಕ್ಕ ಹೇಳಿದ, ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಳ್ಳುವ ಕ್ರಮ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ದಿನಕ್ಕೆ ಮೂರು ಬಾರಿ, ಹದಿನೈದು ನಿಮಿಷದಂತೆ ಹತ್ತು ದಿನ ಮೈ ಸವರಿ ಕೈಕಾಲು ಆಡಿಸಿದಾಗ ಅವುಗಳ ತೂಕ 47 ಶೇಕಡ ಹೆಚ್ಚು ಏರಿದುದನ್ನು ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿಯೇ ವರದಿ ಮಾಡಿದ್ದಾರೆ.

“ನಿಮ್ಮ ಕೈ ಇಲ್ಲಿರಲಿಲ್ಲ” ಎಂಬ ಮಾತಿಗೂ ನನ್ನ ಅನುಭವದಲ್ಲಿ ಕಾರಣವಿದೆ. ಮನಸ್ಸು ಬೇರೆಡೆ ಇದ್ದಾಗ ನಮ್ಮ ಕೈ ಕ್ರಮವನ್ನು ಮಾತ್ರ ಪಾಲಿಸುತ್ತದೆ. ರೋಗಿಯ ಸ್ನಾಯು ಬಿಗಿದಾಗ ಒತ್ತಡ ಇಳಿಸುವುದು, ಅವರು ಉಸಿರು ಬಿಡುವಾಗಲೇ ಒಳಗಿಳಿಯುವುದು, ನೋವಿನ ಜಾಗ ಬಂದಾಗ ಅರೆ ಕ್ಷಣ ನಿಲ್ಲುವುದು, ಇವೆಲ್ಲ ತಪ್ಪಿಹೋಗುತ್ತವೆ. ಮಲಗಿದವರಿಗೆ ಇದು ಬೆನ್ನಿನಲ್ಲೇ ತಿಳಿಯುತ್ತದೆ. ಆ ಹಿರಿಯರ ಅಳುವಿನ ವಿಷಯದಲ್ಲಿ ನಾನು ಹೇಳಬಲ್ಲದ್ದು ಇಷ್ಟೇ: ದುಃಖ ಸ್ನಾಯುವಿನೊಳಗೆ ಗಂಟು ಕಟ್ಟಿ ಕುಳಿತಿರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ, ಆದರೆ ಬಹುಕಾಲ ಬಿಗಿಹಿಡಿದ ಮೈ ಸಡಿಲವಾಗಿ ಉಸಿರು ಆಳವಾದಾಗ ಅಳು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಮುಳ್ಳೇರಿಯದ ವೈದ್ಯೆ:

ಆಯುರ್ವೇದದ ಕಡೆಯಿಂದ ನನ್ನ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ, ಇಂದ್ರಿಯಗಳ ಪೈಕಿ ಸ್ಪರ್ಶೇಂದ್ರಿಯವೊಂದೇ ಉಳಿದೆಲ್ಲವನ್ನೂ ವ್ಯಾಪಿಸಿದೆ, ಅದು ಮನಸ್ಸಿನೊಡನೆ ಬಿಡಲಾಗದ ಸಂಬಂಧ ಉಳ್ಳದ್ದು ಎಂಬ ಮಾತಿದೆ. ಐದನೆಯ ಅಧ್ಯಾಯದಲ್ಲಿ ಅಭ್ಯಂಗಕ್ಕೆ ಕೊಡುವ ಕಾರಣವೂ ಅದಕ್ಕೆ ಹೊಂದಿಕೊಂಡೇ ಇದೆ: ಸ್ಪರ್ಶೇಂದ್ರಿಯದಲ್ಲಿ ವಾಯು ಅಧಿಕ, ಆ ಇಂದ್ರಿಯ ಇರುವುದು ತ್ವಚೆಯಲ್ಲಿ, ಆದುದರಿಂದ ತ್ವಚೆಗೆ ಎಣ್ಣೆ ಹಿತ. ಮನಸ್ಸು ಮತ್ತು ಚರ್ಮವನ್ನು ಬೇರೆ ಬೇರೆ ಕೋಣೆಗಳಲ್ಲಿಡುವ ಪದ್ಧತಿ ನಮ್ಮದಲ್ಲ.

ಮರ್ಮದ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಸುಶ್ರುತಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯ 107 ಮರ್ಮಗಳನ್ನು ಹೇಳುತ್ತದೆ: ಮಾಂಸದಲ್ಲಿ 11, ಸಿರೆಗಳಲ್ಲಿ 41, ಸ್ನಾಯುಗಳಲ್ಲಿ (ಇಲ್ಲಿ ಕಟ್ಟುನಾರುಗಳು ಎಂಬರ್ಥ) 27, ಅಸ್ಥಿಗಳಲ್ಲಿ 8, ಸಂಧಿಗಳಲ್ಲಿ 20. ಅಲ್ಲಿ ಪ್ರಾಣವು ಸ್ವಭಾವತಃ ನೆಲೆಸಿದೆ ಎಂಬುದು ಸರಿ. ಆದರೆ ಅಲ್ಲಿ ಆಚಾರ್ಯರ ಮುಖ್ಯ ಕಾಳಜಿ ಪೆಟ್ಟಿನದು. ಶಸ್ತ್ರಕರ್ಮ ಮಾಡುವವನು ಆ ಸ್ಥಾನಗಳನ್ನು ತಪ್ಪಿಸಿ ಕೊಯ್ಯಬೇಕು ಎಂಬುದು ಅದರ ಒಂದು ದೊಡ್ಡ ಉಪಯೋಗ. ಅವುಗಳನ್ನು ಗುಂಡಿ ಒತ್ತಿದಂತೆ ಒತ್ತಿ ಪ್ರಾಣ ಹರಿಸುತ್ತೇವೆ ಎನ್ನುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ನೀರ್ಚಾಲು ಕಳರಿ:

ಡಾಕ್ಟರಮ್ಮಾ, ನಮ್ಮ ಕಳರಿಯಲ್ಲಿ ಹೇಳಿಕೊಡುವುದು ಕುಲಾಭ್ಯಾಸ ಮರ್ಮಗಳೆಂದು ಕರೆಯುವ 64 ಮುಖ್ಯ ಮರ್ಮಗಳನ್ನು. ಎಲ್ಲಿ ಪೆಟ್ಟು ಬಿದ್ದರೆ ಏನಾಗುತ್ತದೆ, ಬಿದ್ದ ಪೆಟ್ಟನ್ನು ಹೇಗೆ ಇಳಿಸಬೇಕು ಎಂಬೆರಡನ್ನೂ ಒಟ್ಟಿಗೇ ಕಲಿಸುತ್ತಾರೆ. ಹಾಗಾಗಿ ಗುಂಡಿ ಒತ್ತುವ ಮಾತು ನಮಗೆ ಅನ್ವಯಿಸುವುದಿಲ್ಲ. ಮರ್ಮದ ಮೇಲೆ ಬಲ ಹಾಕಬಾರದೆಂಬುದೇ ನಮ್ಮ ಮೊದಲ ಪಾಠ.

ಕಳರಿಯೊಳಗೆ ಬಲಗಾಲಿಟ್ಟು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಮೂಲೆಯಲ್ಲಿರುವ ಮೆಟ್ಟಿಲಿನ ಪೀಠವಾದ ಪೂತ್ತರಕ್ಕೆ ವಂದಿಸಿಯೇ ಅಭ್ಯಾಸ ಆರಂಭಿಸುತ್ತೇವೆ. ಮೈಯೆಲ್ಲ ಕಣ್ಣಾಗಬೇಕು ಎಂದು ಗುರುಕ್ಕಳರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹಗ್ಗ ಹಿಡಿದು ಕಾಲಿನಿಂದ ತುಳಿದು ತಿಕ್ಕುವಾಗ ನಮ್ಮ ದೇಹದ ಭಾರವಷ್ಟೂ ನಮ್ಮ ಹಿಡಿತದಲ್ಲಿರಬೇಕು, ಪಾದದ ಕೆಳಗಿರುವುದು ಮಾಂಸವೋ ಎಲುಬೋ ಎಂಬುದು ಪಾದಕ್ಕೇ ತಿಳಿಯಬೇಕು. ಆ ಎಚ್ಚರ ಬರುವುದು ಆ ವಂದನೆಯಿಂದಲೇ ಎಂದು ನಾನು ನಂಬಿದ್ದೇನೆ.

ಉಪ್ಪಳದ ಓದುಗ:

ನಮ್ಮ ಮನೆಯಲ್ಲಿ ಕಾಲು ಉಳುಕಿದರೆ ಅಜ್ಜಿ ಉಸ್ತಾದರಿಂದ ಓದಿ ಊದಿಸಿದ ಎಣ್ಣೆ ತರಿಸುತ್ತಿದ್ದರು; ಪಕ್ಕದ ಮನೆಯವರು ಮಂತ್ರಿಸಿದ ಎಣ್ಣೆ ತರಿಸುತ್ತಿದ್ದರು. ಎರಡೂ ಕಡೆ ತಿಕ್ಕುತ್ತಿದ್ದವರು ನನ್ನ ಅಜ್ಜಿಯೇ, ಎರಡೂ ಕಡೆಯವರು ಗುಣವಾಗುತ್ತಿದ್ದರು.

ಪೆರ್ಲದ ಮಾಷ್ಟ್ರು:

ಉಳುಕು ಎರಡು ವಾರದಲ್ಲಿ ತಾನಾಗಿಯೂ ಬಹುಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಫಿಸಿಯೋದವರ ವಿವರಣೆಗೆ ನಾನು ತಲೆಬಾಗುತ್ತೇನೆ, ಸ್ಪರ್ಶವಿಲ್ಲದ ಪ್ರಯೋಗವನ್ನು ಸ್ಪರ್ಶಕ್ಕೆ ಅನ್ವಯಿಸಿದ್ದು ನನ್ನ ತಪ್ಪು. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಒತ್ತಡ, ವೇಗ, ಬಿಸಿ, ಗಮನ ಇವುಗಳಿಂದ ಎಲ್ಲವನ್ನೂ ವಿವರಿಸಬಹುದಾದರೆ ಅದಕ್ಕೆ ಅಧ್ಯಾತ್ಮ ಎಂಬ ಹೆಸರು ಏಕೆ? ಗಮನ ಎಂದರೆ ಸಾಲದೇ?

ಬಾಯಾರಿನ ರೇಕಿ ಸಾಧಕ:

ಮಾಷ್ಟ್ರೇ, ಸಾಲದು. ಮಿಕಾವೊ ಉಸುಯಿ ಅವರು 1922ರಲ್ಲಿ ಜಪಾನಿನಲ್ಲಿ ರೇಕಿ ಎಂಬ, ಕೈಯಿಟ್ಟು ಮಾಡುವ ಚಿಕಿತ್ಸೆಯನ್ನು ಆರಂಭಿಸಿದಾಗ ಕೈಯಿಡುವ ಕ್ರಮದ ಜೊತೆಗೇ ಐದು ನಿಯಮಗಳನ್ನೂ ಕೊಟ್ಟರು. ಇಂದಿನ ಮಟ್ಟಿಗೆ ಕೋಪಿಸಬೇಡ, ಚಿಂತಿಸಬೇಡ ಎಂದು ಅವು ಆರಂಭವಾಗುತ್ತವೆ. ನಾನು ಬೆಳಗ್ಗೆ ಅವನ್ನು ಹೇಳಿಕೊಳ್ಳದೆ ಯಾರ ಮೇಲೂ ಕೈಯಿಡುವುದಿಲ್ಲ. ಕೈಯಿಟ್ಟಾಗ ನನ್ನ ಅಂಗೈ ಬಿಸಿಯಾಗುವುದು ನನ್ನ ಅನುಭವ, ಅದನ್ನು ಅಳೆಯಲಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ.

ಪೆರ್ಲದ ಮಾಷ್ಟ್ರು:

ನಿಮ್ಮ ಅನುಭವ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಬಿಸಿ ರೋಗವನ್ನು ಗುಣಪಡಿಸುತ್ತದೆ ಎಂಬ ಮಾತು ಬೇರೆ, ಅದಕ್ಕೆ ಪುರಾವೆ ಬೇಕು. ಐದು ನಿಯಮಗಳಿಗೆ ನನ್ನ ಆಕ್ಷೇಪವೇ ಇಲ್ಲ, ಅವು ಅಧ್ಯಾಪಕರಿಗೂ ಬೇಕಾದವು.

ಮಂಜೇಶ್ವರದ ಟೀಚರ್:

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಲೇಬೇಕೆನಿಸಿತು. ನಾಲ್ಕು ವರ್ಷಗಳ ಹಿಂದೆ ಕುತ್ತಿಗೆ ನೋವಿಗೆಂದು ಒಂದು ಚಿಕಿತ್ಸಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿದ್ದಾಕೆ ದೀಪ ಹಚ್ಚಿ, ಶ್ಲೋಕ ಹೇಳಿ, ಭುಜವನ್ನು ಮೊಣಕೈಯಿಂದ ಒತ್ತತೊಡಗಿದಾಗ ನಾನು ನೋವಾಗುತ್ತದೆ, ನಿಲ್ಲಿಸಿ ಎಂದೆ. “ಹಳೆಯ ಕರ್ಮ ಹೊರಗೆ ಬರುತ್ತಿದೆ, ತಡೆಯಬೇಡಿ” ಎಂಬ ಉತ್ತರ ಬಂತು. ನಾನು ಇನ್ನೊಮ್ಮೆ ನಿಲ್ಲಿಸಿ ಎಂದೆ, ನಿಲ್ಲಿಸಲಿಲ್ಲ. ಮೂರು ವಾರ ಕೈ ಮೇಲಕ್ಕೆತ್ತಿ ಕರಿಹಲಗೆಯಲ್ಲಿ ಬರೆಯಲಾಗಲಿಲ್ಲ.

ನನಗೆ ನೋವಿಗಿಂತ ಹೆಚ್ಚಾಗಿ ಉಳಿದದ್ದು ಅವಮಾನ. ನನ್ನ ಮೈಯ ಬಗ್ಗೆ ನಾನು ಹೇಳಿದ ಮಾತಿಗಿಂತ ಆಕೆಗೆ ಕಾಣುತ್ತಿದ್ದ ಕರ್ಮ ದೊಡ್ಡದಾಯಿತು. ಅಧ್ಯಾತ್ಮದ ಭಾಷೆಯಲ್ಲಿ ಮಾತನಾಡುವವರಿಗೆ ಎದುರು ಹೇಳುವುದು ಕಷ್ಟ, ಹೇಳಿದರೆ ನಮ್ಮಲ್ಲೇ ಏನೋ ಕೊರತೆಯಿದೆ ಎಂದಾಗುತ್ತದೆ. ನೀರ್ಚಾಲಿನ ಅಣ್ಣಾ, ಪ್ರಾಣದ ಮಾತು ಸಲ್ಲುತ್ತದೆಯೇ ಎಂದು ಕೇಳಿದಿರಲ್ಲ? ಮಲಗಿದವರು ಬೇಡ ಎಂದಾಗ ಕೈ ತೆಗೆಯುವವರಿಗೆ ಮಾತ್ರ ಸಲ್ಲುತ್ತದೆ ಎಂಬುದು ನನ್ನ ಉತ್ತರ.

ನೀರ್ಚಾಲು ಕಳರಿ:

ಟೀಚರೇ, ಓದಿ ಬಹಳ ಬೇಸರವಾಯಿತು. ನಮ್ಮ ಕೆಲಸ ಮಾಡುವವರಿಂದಲೇ ಹೀಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ನಿಜ ಹೇಳಬೇಕೆಂದರೆ ನಾನೂ ಮೊದಲ ವರ್ಷಗಳಲ್ಲಿ “ಸ್ವಲ್ಪ ತಡೆದುಕೊಳ್ಳಿ” ಎಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ಅವರಲ್ಲಿ ಎಷ್ಟು ಜನ ಮನಸ್ಸಿಲ್ಲದೆ ತಡೆದುಕೊಂಡರೋ ಏನೋ.

ಕುಂಬಳೆ ಫಿಸಿಯೋ:

ಟೀಚರ್ ಬರೆದದ್ದಕ್ಕೆ ಸೇರಿಸಿ ಒಂದು ಮಾತು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸೊಂಟ ನೋವಿನ ಜೊತೆ ತೊಡೆಗಳ ನಡುವೆ ಮರಗಟ್ಟಿ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರನ್ನು, ಎಲುಬು ಸವೆದ ವೃದ್ಧರನ್ನು ಬಲವಾಗಿ ಒತ್ತಬಾರದು. ಕೈಯಿಡುವ ಮೊದಲು ಇವನ್ನು ಕೇಳಿ ತಿಳಿಯುವುದು ಕೂಡ ನೀವು ಹೇಳುವ ಎಚ್ಚರದಲ್ಲಿ ಸೇರಬೇಕು.

ಮುಳ್ಳೇರಿಯದ ವೈದ್ಯೆ:

ಒಪ್ಪುತ್ತೇನೆ. ಅಷ್ಟಾಂಗಹೃದಯ ಅಭ್ಯಂಗವನ್ನು ದಿನವೂ ಮಾಡಬೇಕೆಂದು ಹೇಳಿದ ಕೂಡಲೇ, ಕಫ ಹೆಚ್ಚಿದವರಿಗೆ, ಆಗಷ್ಟೇ ಶೋಧನ (ದೇಹಶುದ್ಧಿಯ ಚಿಕಿತ್ಸೆ) ಮಾಡಿಸಿಕೊಂಡವರಿಗೆ, ಅಜೀರ್ಣವಾದವರಿಗೆ ಬೇಡ ಎಂದೂ ಹೇಳುತ್ತದೆ. ಯಾರಿಗೆ ಬೇಡ ಎಂಬುದು ಹಳೆಯ ಶಾಸ್ತ್ರದಲ್ಲೂ ಇದೆ.

ಎಣ್ಮಕಜೆಯ ಅಮ್ಮ:

ನಾನು ಓದಿದವಳಲ್ಲ, ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಮ್ಮ ಗುಡ್ಡದ ಗೇರು ತೋಟಗಳಿಗೆ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ನನ್ನ ಮಗ ಹುಟ್ಟಿದ್ದು 1997ರಲ್ಲಿ. ಅವನು ನಡೆಯುವುದಿಲ್ಲ, ಮಾತನಾಡುವುದಿಲ್ಲ, ಕೈಕಾಲು ಕೊಡೆಯ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತವೆ. ದಿನಾ ಎರಡು ಹೊತ್ತು ಎಣ್ಣೆ ಹಾಕಿ ಬಿಡಿಸಿ ಬಿಡಿಸಿ ಇಡುತ್ತೇನೆ.

ಅವನಿಗೆ ಎಕ್ಸರ್ಸೈಜ್ ಮಾಡಿಸಲು ಹಲವರು ಬಂದು ಹೋಗಿದ್ದಾರೆ. ಹೆಚ್ಚಿನವರು ಅವನ ಕಾಲು ಹಿಡಿದುಕೊಂಡು ನನ್ನೊಡನೆ ಮಾತನಾಡುತ್ತಿದ್ದರು. ಒಬ್ಬ ಹುಡುಗ ಮಾತ್ರ ಬಂದವನೇ ಚಾಪೆಯ ಮೇಲೆ ಕೂತು, ಮಗನ ಹೆಸರು ಹಿಡಿದು ಕರೆದು, “ಈಗ ಬಲಗಾಲು ಎತ್ತುತ್ತೇನೆ, ಆಗಬಹುದಾ?” ಎಂದು ಅವನ ಮುಖವನ್ನೇ ನೋಡಿ ಕೇಳುತ್ತಿದ್ದ. ಉತ್ತರ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಕಾಯುತ್ತಿದ್ದ. ಅವನು ಹಿಡಿದಾಗ ಮಗನ ಕಾಲು ಬೇಗ ಸಡಿಲವಾಗುತ್ತಿತ್ತು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನಿಗೆ ದೇವರಲ್ಲಿ ನಂಬಿಕೆ ಇತ್ತೋ ಇಲ್ಲವೋ ನಾನು ಕೇಳಿಲ್ಲ.

ಬೇಳದ ಅಕ್ಕ:

ಅಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆ ಹುಡುಗ ಈಗಲೂ ಬರುತ್ತಾನೆಯೇ?

ಎಣ್ಮಕಜೆಯ ಅಮ್ಮ:

ಇಲ್ಲ ಅಕ್ಕಾ, ದುಬೈಗೆ ಹೋದ. ಅವನು ಮಾಡಿದ ಹಾಗೆ ಈಗ ನಾನೇ ಕೇಳಿಕೊಂಡು ಎತ್ತುತ್ತೇನೆ.

ಪಾಲಿಯೇಟಿವ್ ಸಿಸ್ಟರ್, ಕಾಞಂಗಾಡ್:

ಮಾಷ್ಟ್ರ ಪ್ರಶ್ನೆಗೆ ನನ್ನ ಕೆಲಸದಿಂದ ಒಂದು ಉತ್ತರ ಕೊಡಬಹುದೆಂದುಕೊಂಡಿದ್ದೇನೆ. 1967ರಲ್ಲಿ ಲಂಡನ್ನಿನಲ್ಲಿ, ಗುಣವಾಗದ ರೋಗಿಗಳ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸೆಲಿ ಸಾಂಡರ್ಸ್ ಅವರು ‘ಸಮಗ್ರ ನೋವು’ ಎಂಬ ವಿಚಾರವನ್ನು ಮುಂದಿಟ್ಟರು: ದೇಹದ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಅಧ್ಯಾತ್ಮದ ನೋವು ಇವೆಲ್ಲ ಒಂದೇ ಹಾಸಿಗೆಯಲ್ಲಿ ಮಲಗಿರುತ್ತವೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ಕೆಲಸ ಇಂದು ಕೇರಳದ ಊರೂರಿಗೆ ಹಬ್ಬಿದೆ, 2008ರಲ್ಲಿ ರಾಜ್ಯ ಸರಕಾರ ಇದಕ್ಕೊಂದು ನೀತಿಯನ್ನೇ ತಂದಿತು.

ಮನೆಮನೆಗೆ ಹೋದಾಗ “ನಾನು ಯಾಕೆ ಹೀಗೆ ಮಲಗಿದೆ, ಯಾರಿಗೆ ಏನು ತಪ್ಪು ಮಾಡಿದೆ?” ಎಂದು ಕೇಳುವವರಿದ್ದಾರೆ. ಮಾರ್ಫಿನ್ ಮಾತ್ರೆಯಿಂದ ಎಲುಬಿನ ನೋವು ಇಳಿಯುತ್ತದೆ, ಈ ಪ್ರಶ್ನೆ ಇಳಿಯುವುದಿಲ್ಲ. ಆಗ ನಾನು ಅವರ ಪಾದಕ್ಕೆ ಎಣ್ಣೆ ಹಚ್ಚುತ್ತಾ ಕೂರುತ್ತೇನೆ, ಉತ್ತರ ಕೊಡುವುದಿಲ್ಲ. ಅಲ್ಲಿ ಗುಣಪಡಿಸುವ ಮಾತೇ ಇಲ್ಲ. ಗಮನ ಎಂಬ ಪದ ಆ ಹೊತ್ತಿಗೆ ನನಗೆ ಚಿಕ್ಕದಾಗಿ ಕಾಣುತ್ತದೆ ಮಾಷ್ಟ್ರೇ. ನಾನು ಕ್ರೈಸ್ತಳು, ಮನಸ್ಸಿನಲ್ಲಿ ಪ್ರಾರ್ಥಿಸುತ್ತೇನೆ. ಮಲಗಿದವರು ಕೇಳದೆ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ.

ಪೆರ್ಲದ ಮಾಷ್ಟ್ರು:

ಸಿಸ್ಟರ್, ನಿಮ್ಮ ಮಾತನ್ನು ಎರಡು ಸಲ ಓದಿದೆ. ಗುಣಪಡಿಸುತ್ತೇನೆ ಎಂಬ ಹಕ್ಕುಸಾಧನೆ ಇಲ್ಲದ ಕಡೆ ಆ ಪದಕ್ಕೆ ನನ್ನ ವಿರೋಧವಿಲ್ಲ.

ನಿನ್ನೆಯಿಂದ ಹುಡುಕಿದಾಗ ನನ್ನ ವಾದಕ್ಕೇ ತಿದ್ದುಪಡಿಯಾಗುವ ಒಂದು ಅಧ್ಯಯನವೂ ಸಿಕ್ಕಿತು. ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು. ಕರುಳಿನ ತೊಂದರೆಯಿದ್ದ 262 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಏನನ್ನೂ ಮಾಡದೆ ಕಾಯಿಸಿದರು; ಎರಡನೆಯದಕ್ಕೆ ಒಳಗೆ ಚುಚ್ಚದ ಹುಸಿ ಸೂಜಿಯ (ಅಕ್ಯುಪಂಕ್ಚರ್) ಚಿಕಿತ್ಸೆ, ಹೆಚ್ಚು ಮಾತಿಲ್ಲ; ಮೂರನೆಯದಕ್ಕೆ ಅದೇ ಹುಸಿ ಸೂಜಿ, ಆದರೆ ಮುಕ್ಕಾಲು ಗಂಟೆ ಕೂತು ಕೇಳಿಸಿಕೊಳ್ಳುವ, ಇಪ್ಪತ್ತು ಸೆಕೆಂಡು ಮೌನವಾಗಿ ಯೋಚಿಸುವ ಚಿಕಿತ್ಸಕ. ಮೂರು ವಾರಗಳ ಬಳಿಕ ಸಾಕಷ್ಟು ಆರಾಮವಾಗಿದೆ ಎಂದವರು ಕ್ರಮವಾಗಿ 28, 44 ಮತ್ತು 62 ಶೇಕಡ. ಸೂಜಿ ಎರಡೂ ಕಡೆ ಹುಸಿಯೇ. ಕೊನೆಯ 18 ಶೇಕಡ ಆ ಮನುಷ್ಯನಿಂದ ಬಂದದ್ದು. ನೀರ್ಚಾಲಿನವರ “ಕೈ ಇಲ್ಲಿರಲಿಲ್ಲ” ಎಂಬ ಮಾತಿಗೆ ಇಷ್ಟು ದೊಡ್ಡ ತೂಕವಿದೆಯೆಂದು ನಾನು ಎಣಿಸಿರಲಿಲ್ಲ. ಆದರೂ ಅಳೆದದ್ದು ಅವರಿಗಾದ ಆರಾಮವನ್ನು, ಕರುಳಿನ ರೋಗವನ್ನಲ್ಲ. ಅದನ್ನು ‘ಶಕ್ತಿ’ ಎಂದು ಹೆಸರಿಟ್ಟು ಬೇರೆಯೇ ದರ ಹಾಕಿ ಮಾರುವವರನ್ನು ನಾನು ಈಗಲೂ ಒಪ್ಪುವುದಿಲ್ಲ.

ಬಾಯಾರಿನ ರೇಕಿ ಸಾಧಕ:

ನಾನು ದರ ಹಾಕುವುದಿಲ್ಲ, ಆಸ್ಪತ್ರೆಯ ಔಷಧ ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ ಮಾಷ್ಟ್ರೇ.

ಮುಳ್ಳೇರಿಯದ ವೈದ್ಯೆ:

ಚರಕನು ವೈದ್ಯವೃತ್ತಿ ನಾಲ್ಕು ಬಗೆ ಎನ್ನುತ್ತಾನೆ: ಎಲ್ಲರಲ್ಲಿ ಮೈತ್ರಿ, ನೊಂದವರಲ್ಲಿ ಕಾರುಣ್ಯ, ಗುಣಪಡಿಸಬಹುದಾದ ರೋಗದಲ್ಲಿ ಪ್ರೀತಿ, ಸಾವಿನತ್ತ ಹೊರಟವರಲ್ಲಿ ಉಪೇಕ್ಷೆ. ಈ ಕೊನೆಯ ಪದಕ್ಕೆ ಅಲಕ್ಷ್ಯ ಎಂದು ಅರ್ಥ ಮಾಡುವವರಿದ್ದಾರೆ. ಸಿಸ್ಟರ್ ಪಾದಕ್ಕೆ ಎಣ್ಣೆ ಹಚ್ಚುತ್ತಾ ಉತ್ತರ ಕೊಡದೆ ಕೂರುವುದನ್ನು ಓದಿದ ಮೇಲೆ, ಗುಣವಾಗಲೇಬೇಕೆಂಬ ಹಟವನ್ನು ಬಿಟ್ಟು ಸಮಚಿತ್ತದಿಂದ ಜೊತೆಗಿರುವುದು ಎಂಬ ಅರ್ಥವೇ ನನಗೆ ಸರಿಯೆನಿಸುತ್ತದೆ.

ನೀರ್ಚಾಲು ಕಳರಿ:

ಎಲ್ಲರ ಮಾತನ್ನೂ ಓದಿದೆ, ಹೆಂಡತಿಗೂ ಓದಿ ಹೇಳಿದೆ. ಆ ಹಿರಿಯರು ನಿನ್ನೆ ಮತ್ತೆ ಬಂದಿದ್ದರು. ಹಣೆ ಒತ್ತಿ ವಂದಿಸುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದು ನನ್ನ ಕೈಯನ್ನು ಸಿದ್ಧಪಡಿಸಲು, ಅವರಿಗೆ ಅದರ ಲೆಕ್ಕ ಕೊಡಬೇಕಾಗಿಲ್ಲ. ಆಮೇಲೆ ಎಣ್ಮಕಜೆಯ ಅಮ್ಮ ಹೇಳಿದ ಹುಡುಗನ ಹಾಗೆ, ಪ್ರತಿ ಜಾಗಕ್ಕೂ ಕೇಳಿಯೇ ಕೈಯಿಟ್ಟೆ. ಮೊದಲು ನನಗೇ ಸಂಕೋಚವಾಯಿತು. ಅವತ್ತು ಏನಾಯಿತೆಂದು ಕೇಳಿದ್ದಿರಲ್ಲ, ನನಗೆ ನಿಶ್ಚಯವಾಗಿ ಗೊತ್ತಿಲ್ಲ, ಮೈ ಸಡಿಲವಾದಾಗ ಹಾಗಾಗುವುದುಂಟು ಎಂದು ಹೇಳಿದೆ. ಅವರು ಏನನ್ನೂ ವಿವರಿಸಲಿಲ್ಲ. “ಎಡದ್ದನ್ನೂ ನೋಡಿ” ಎಂದು ಇನ್ನೊಂದು ಮಗ್ಗುಲಿಗೆ ತಿರುಗಿದರು. ಬಲಗೈ ಕಿವಿಯವರೆಗೆ ಏಳುತ್ತದೆ, ಹಿಂದಕ್ಕೆ ಮಾತ್ರ ಇನ್ನೂ ಹೋಗುವುದಿಲ್ಲ.

ಕುಂಬಳೆ ಫಿಸಿಯೋ:

ಹಿಂದಕ್ಕೆ ಹೋಗುವುದಿಲ್ಲ, ಈಗ ಎಡಭುಜವೂ ಶುರುವಾಗಿದೆ ಎಂದರೆ ಒಮ್ಮೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿ. ಭುಜ ಹೀಗೆ ಬಿಗಿಯುವುದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು, ಎರಡೂ ಕಡೆ ಆಗುವುದೂ ಅವರಲ್ಲೇ ಹೆಚ್ಚು.

ನೀರ್ಚಾಲು ಕಳರಿ:

ಅದು ನನಗೆ ಹೊಳೆದಿರಲಿಲ್ಲ. ಬುಧವಾರ ಬರುತ್ತಾರೆ, ಕೈಯಿಡುವ ಮೊದಲೇ ಹೇಳುತ್ತೇನೆ.